ಕೌಂಟ್ ಆರ್ಕೋನೂ ನೌಯೆನ್ ಗೋಪುರವೂ

ನಿಸ್ತಂತು ವಾರ್ತೆಯೆಂದೊಡನೆ ನಮ್ಮ ನಾಲಗೆಯ ಮೇಲೆ ಬರುವ ಹೆಸರು ಮಾರ್ಕೋನಿಯದು. ಅದರ ಮಗ್ಗುಲಲ್ಲಿಯೇ ನಾವು ಆಚಾರ್ಯ ಜಗದೀಶಚಂದ್ರ ಬೋಸರ ಹೆಸರನ್ನೂ ಇಡುತ್ತೇವೆ. 1890ರ ದಶಕದ ನಡುಗಾಲದಲ್ಲಿ ಕಲ್ಕತ್ತೆಯ ಸಭೆಯೊಂದರಲ್ಲಿ, ನಡುವೆ ತಂತಿಯ ಸಂಬಂಧವೇ ಇಲ್ಲದೆ, ಗೋಡೆಗಳನ್ನು ಹಾಯ್ದುಹೋದ ವಿದ್ಯುತ್ತರಂಗಗಳಿಂದ ಗಂಟೆಯನ್ನು ಬಾರಿಸಿ ತೋರಿಸಿದ ಆ ಮಹನೀಯರಿಗೆ ಅದು ಸಲ್ಲತಕ್ಕ ಮರ್ಯಾದೆಯೇ ಆಗಿದೆ. ಆದರೆ ಪ್ರಯೋಗಶಾಲೆಯ ಮೇಜಿನ ಮೇಲೆ ಹುಟ್ಟಿದ ಈ ವಿದ್ಯೆಯು ಹಡಗುಗಳಿಗೂ ಪಾಳೆಯಗಳಿಗೂ ಖಂಡಾಂತರಗಳಿಗೂ ವ್ಯಾಪಿಸಿದ ಕಥೆಯಲ್ಲಿ ಜರ್ಮನ್ನರ ಪಾಲು ಬಹು ದೊಡ್ಡದು. ಆ ಪಾಲಿನೊಳಗೆ ಹೆಚ್ಚಿನ ಅಂಶವು ಒಬ್ಬ ಇಂಜಿನಿಯರನ ಮೂವತ್ತು ವರ್ಷಗಳ ದುಡಿಮೆ. ಗೇಯೋರ್ಗ್ ಫಾನ್ ಆರ್ಕೋ ಎಂಬ ಆ ಕೌಂಟನ ಹೆಸರು ಕನ್ನಡದ ವಾಚಕರಿಗೆ ಅಷ್ಟಾಗಿ ಪರಿಚಿತವಲ್ಲ.

ಆತನ ಚರಿತ್ರೆಯನ್ನು ಬರೆಯಲು ನಾನು ಹೊರಟುದು ಶೋಧಗಳ ಪಟ್ಟಿಯನ್ನು ಒಪ್ಪಿಸುವುದಕ್ಕಲ್ಲ. 1914ರ ಮಹಾಯುದ್ಧದಲ್ಲಿ ಜರ್ಮನಿಯ ಧ್ವನಿಯನ್ನು ಸಮುದ್ರದಾಚೆಗೆ ಒಯ್ದ ಯಂತ್ರವು ಆರ್ಕೋನದು. ಅದೇ ವರ್ಷ ಅದೇ ಬರ್ಲಿನ್ ನಗರದಲ್ಲಿ ಯುದ್ಧವು ಬೇಗ ನಿಲ್ಲಬೇಕೆಂದು ಸಂಘ ಕಟ್ಟಿದವರ ಮೊದಲ ಸಾಲಿನಲ್ಲಿ ನಿಂತವನೂ ಆರ್ಕೋನೇ. ಒಂದು ಕೈ ಕಟ್ಟಿದುದನ್ನು ಇನ್ನೊಂದು ಕೈ ತಡೆಯಹೊರಟಂತೆ ಕಾಣುವ ಈ ಬಾಳನ್ನು ಹೇಗೆ ತಿಳಿದುಕೊಳ್ಳಬೇಕು? ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಆರ್ಕೋ ಹುಟ್ಟಿದುದು 1869ನೆಯ ಆಗಸ್ಟ್ 30ರಂದು, ಅಪ್ಪರ್ ಸೈಲೀಷಿಯ ಪ್ರಾಂತದ ರಾಟಿಬೋರ್ ಪಟ್ಟಣದ ಬಳಿಯ ಗ್ರೋಸ್‌ಗೋರ್ಷುಟ್ಸ್ ಎಂಬ ಹಳ್ಳಿಯಲ್ಲಿ. ಅಂದು ಪ್ರಷ್ಯಕ್ಕೆ ಸೇರಿದ್ದ ಆ ಹಳ್ಳಿ ಇಂದು ಪೋಲೆಂಡಿನಲ್ಲಿ ಗೋಜಿಟ್ಸೆಯೆಂಬ ಹೆಸರಿನಿಂದ ಇದೆ. ತಂದೆ ಜಮೀನುದಾರ, ಮನೆತನ ಹಳೆಯದು. ಅಂಥ ಮನೆಯ ಹುಡುಗರಿಗೆ ಅಂದು ತೆರೆದಿದ್ದ ದಾರಿಗಳು ಎರಡೇ ಎರಡು: ಹೊಲ ನೋಡಿಕೊಳ್ಳುವುದು, ಇಲ್ಲವೆ ಸೇನೆಗೆ ಸೇರುವುದು. ಬ್ರೆಸ್ಲೌ ನಗರದಲ್ಲಿ ಶಾಲೆಯನ್ನು ಮುಗಿಸಿದ ಈತನು ಬರ್ಲಿನ್ನಿನಲ್ಲಿ ಸ್ವಲ್ಪ ಕಾಲ ಗಣಿತ ಭೌತಶಾಸ್ತ್ರಗಳನ್ನು ಓದಿ, ರೂಢಿಯಂತೆ ಸೇನೆಗೂ ಸೇರಿ ಅಧಿಕಾರಿಯಾದನು. ಆದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. 1893ರಲ್ಲಿ ಸಮವಸ್ತ್ರವನ್ನು ಕಳಚಿ ಶಾರ್ಲಟನ್‌ಬುರ್ಗಿನ ತಾಂತ್ರಿಕ ಮಹಾವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಬಂದನು. ಕೌಂಟ್ ಪದವಿಯ ಯುವಕನು ಎಣ್ಣೆ ಮಸಿಗಳ ಯಂತ್ರಶಾಲೆಗೆ ಇಳಿದುದು ಅವನ ವರ್ಗದವರಿಗೆ ವಿಚಿತ್ರವಾಗಿಯೇ ಕಂಡಿರಬೇಕು.

ಆ ವಿದ್ಯಾಲಯದಲ್ಲಿ ಅಡಾಲ್ಫ್ ಸ್ಲಾಬಿಯೆಂಬ ಆಚಾರ್ಯನಿದ್ದನು. ವಿದ್ಯುಚ್ಛಾಸ್ತ್ರದಲ್ಲಿ ಪಂಡಿತ, ಅದಕ್ಕಿಂತ ಮಿಗಿಲಾಗಿ ಕೈಸರ್ ಎರಡನೆಯ ವಿಲ್‌ಹೆಲ್ಮನ ವಿಶ್ವಾಸಕ್ಕೆ ಪಾತ್ರ. ತಂತಿಯಿಲ್ಲದೆ ಸಂಕೇತಗಳನ್ನು ಕಳುಹಿಸಲು ಸ್ಲಾಬಿಯೂ ಪ್ರಯತ್ನಪಟ್ಟಿದ್ದನು; ಆದರೆ ಅವನ ತರಂಗಗಳು ಕಾಲೇಜಿನ ಓಣಿಗಳನ್ನು ದಾಟಿ ಸುಮಾರು ನೂರು ಮೀಟರಿಗಿಂತ ಮುಂದೆ ಹೋಗಲೊಲ್ಲವು. 1897ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಕಡಲಕಾಲುವೆಯ ಮೇಲೆ ಮಾರ್ಕೋನಿಯು ನಡೆಸಿದ ಪರೀಕ್ಷೆಗಳನ್ನು ಕಣ್ಣಾರೆ ಕಾಣುವ ಅವಕಾಶ ಸ್ಲಾಬಿಗೆ ದೊರಕಿತು. ಇಪ್ಪತ್ತಮೂರು ವರ್ಷದ ಇಟಲಿಯ ಹುಡುಗನು ಮೈಲಿಗಟ್ಟಲೆ ನೀರಿನಾಚೆಗೆ ಸಂಕೇತಗಳನ್ನು ಕಳುಹಿಸುತ್ತಿದ್ದನು. ರಹಸ್ಯವೇನೆಂದರೆ ಎತ್ತರಕ್ಕೆ ಏರಿಸಿದ ಒಂದು ತಂತಿ ಮತ್ತು ನೆಲಕ್ಕೆ ಇಳಿಸಿದ ಮತ್ತೊಂದು ತಂತಿ. ತನಗೆ ಹೊಳೆಯದುದು ಮಾರ್ಕೋನಿಗೆ ಹೊಳೆಯಿತೆಂಬುದನ್ನು ಸ್ಲಾಬಿಯು ಸಂಕೋಚವಿಲ್ಲದೆ ಒಪ್ಪಿಕೊಂಡನು. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಕಂಡುದನ್ನು ಕಲಿತು ಊರಿಗೆ ಹಿಂದಿರುಗಿ ಕೆಲವೇ ವಾರಗಳಲ್ಲಿ ತಾನೂ ಅದನ್ನೇ ಕಟ್ಟಿ ನಿಲ್ಲಿಸಿದುದನ್ನು ಮಾರ್ಕೋನಿಯ ಕಡೆಯವರು ಎಂದಿಗೂ ಕ್ಷಮಿಸಲಿಲ್ಲವೆಂಬುದನ್ನೂ ಹೇಳಬೇಕು.

ಕಟ್ಟಿದ ಸ್ಥಳ ಪಾಟ್ಸ್‌ಡಾಮಿನ ಬಳಿ. ಹಾಫೆಲ್ ನದಿಯು ಅಲ್ಲಿ ಸರೋವರದಂತೆ ಅಗಲವಾಗಿ ಹರಡಿಕೊಂಡಿದೆ. ಸಾಕ್ರೋ ಎಂಬಲ್ಲಿ ನೀರಿನ ಅಂಚಿಗೇ ಒಂದು ಸುಂದರವಾದ ಇಗರ್ಜಿ, ಅದರ ಪಕ್ಕದಲ್ಲಿ ಬೇರೆಯಾಗಿ ನಿಂತ ಗಂಟೆಗೋಪುರ. ಕೈಸರನು ತನ್ನ ತೋಟಗಳನ್ನೂ ನಾವಿಕರನ್ನೂ ಸ್ಲಾಬಿಯ ಉಪಯೋಗಕ್ಕೆ ಬಿಟ್ಟುಕೊಟ್ಟನು. 1897ರ ಆಗಸ್ಟಿನಲ್ಲಿ ಸ್ಲಾಬಿಯೂ ಅವನ ಸಹಾಯಕನಾದ ಆರ್ಕೋನೂ ಆ ಗಂಟೆಗೋಪುರದಿಂದ ತಂತಿಯನ್ನು ಇಳಿಬಿಟ್ಟು, ಸುಮಾರು ಒಂದು ಮೈಲಿ ದೂರದಲ್ಲಿ ನೀರಿನಾಚೆಯಿದ್ದ ಕಾಂಗ್ಸ್‌ನೇಸ್ ನಾವಿಕಠಾಣೆಯೊಂದಿಗೆ ಸಂಕೇತಗಳಲ್ಲಿ ಮಾತನಾಡಿದರು. ಆ ತಿಂಗಳೇ ಆರ್ಕೋನಿಗೆ ಇಪ್ಪತ್ತೆಂಟು ತುಂಬಿತು. ಮುಂದಿನ ಅಕ್ಟೋಬರಿನಲ್ಲಿ ಸೇನೆಯ ಬೆಲೂನುಗಳಿಂದ ತಂತಿಯನ್ನು ಆಕಾಶಕ್ಕೆ ಏರಿಸಿ ಶೋನೆಬೆರ್ಗಿನಿಂದ ರಾಂಗ್ಸ್‌ಡೋರ್ಫಿಗೆ ಹದಿಮೂರು ಮೈಲಿಗಳ ಅಂತರವನ್ನು ದಾಟಿಸಿದರು.

ಅಂದಿನ ಉಪಕರಣಗಳು ಎಷ್ಟು ಒರಟಾದುವೆಂಬುದನ್ನು ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿ ಲೋಕದೊಡನೆ ಮಾತನಾಡುವ ನಾವು ಊಹಿಸಿಕೊಳ್ಳುವುದು ಕಷ್ಟ. ಕಳುಹಿಸುವ ಕಡೆ ಎರಡು ಲೋಹದ ಗುಂಡುಗಳ ನಡುವೆ ಸಿಡಿಯುವ ವಿದ್ಯುತ್ಕಿಡಿ. ಪಡೆಯುವ ಕಡೆ ಲೋಹದ ಪುಡಿಯನ್ನು ತುಂಬಿದ ಒಂದು ಪುಟ್ಟ ಗಾಜಿನ ನಳಿಗೆ. ತರಂಗವು ತಾಗಿದಾಗ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತಿದ್ದುವು. ಒಂದು ಸಂಕೇತ ಬಂದ ಮೇಲೆ ನಳಿಗೆಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ಪುಡಿಯನ್ನು ಸಡಿಲಿಸಿದ ಹೊರತು ಮುಂದಿನ ಸಂಕೇತವನ್ನು ಅದು ಗುರುತಿಸುತ್ತಿರಲಿಲ್ಲ. ಕಿಡಿಯಾದರೋ ಎಲ್ಲ ಬಗೆಯ ತರಂಗಗಳನ್ನೂ ಒಟ್ಟಿಗೆ ಎರಚುತ್ತಿತ್ತು. ಒಂದೇ ಕೋಣೆಯಲ್ಲಿ ಹತ್ತು ಮಂದಿ ಒಂದೇ ಸಮನೆ ಕೂಗಿದರೆ ಯಾರ ಮಾತನ್ನು ಕೇಳುವುದು? ಪ್ರತಿಯೊಂದು ಠಾಣೆಗೂ ತನ್ನದೇ ಆದ ಶ್ರುತಿಯನ್ನು ಕೊಟ್ಟು, ಪಡೆಯುವ ಯಂತ್ರವನ್ನು ಅದೇ ಶ್ರುತಿಗೆ ಹೊಂದಿಸುವುದೇ ಆ ಕಾಲದ ಇಂಜಿನಿಯರುಗಳ ಮುಂದಿದ್ದ ಮುಖ್ಯ ಸಮಸ್ಯೆ. ಆರ್ಕೋನ ಆಯುಷ್ಯದ ಬಹುಭಾಗ ಇದರಲ್ಲಿಯೇ ಕಳೆಯಿತೆನ್ನಬಹುದು.

1898ರಲ್ಲಿ ಈತನು ಎ.ಇ.ಜಿ. ಎಂಬ ದೊಡ್ಡ ವಿದ್ಯುತ್ ಕಂಪನಿಯನ್ನು ಸೇರಿದನು. 'ಸ್ಲಾಬಿ-ಆರ್ಕೋ ಪದ್ಧತಿ'ಯ ಯಂತ್ರಗಳು ಅಲ್ಲಿಂದ ಹೊರಬಂದು ಜರ್ಮನ್ ನೌಕೆಗಳಿಗೆ ಏರಿದುವು. ಅಮೆರಿಕದ ನೌಕಾಪಡೆಯೂ ಅವನ್ನು ಕೊಂಡಿತು. 1905ರಲ್ಲಿ ತ್ಸುಷಿಮಾದಲ್ಲಿ ಜಪಾನೀಯರಿಂದ ನಾಶವಾದ ರಷ್ಯದ ನೌಕಾಸಮೂಹದ ಮೇಲೆ ಇದ್ದುವೂ ಇವೇ. ಈ ನಡುವೆ ಸ್ಟ್ರಾಸ್‌ಬುರ್ಗಿನ ಆಚಾರ್ಯ ಫೆರ್ಡಿನಾಂಡ್ ಬ್ರೌನನು ಕಿಡಿಯ ವಲಯವನ್ನು ಏರಿಯಲ್ ತಂತಿಯಿಂದ ಬೇರ್ಪಡಿಸಿ ಎರಡನ್ನೂ ಸುರುಳಿಗಳ ಮೂಲಕ ಜೋಡಿಸುವ ಉತ್ತಮವಾದ ಉಪಾಯವನ್ನು ಕಂಡುಹಿಡಿದಿದ್ದನು. ಸೀಮೆನ್ಸ್ ಕಂಪನಿ ಅವನ ಬೆನ್ನಿಗಿತ್ತು. ಒಂದೇ ದೇಶದ ಎರಡು ಪಂಗಡಗಳು ಪೇಟೆಂಟುಗಳಿಗಾಗಿ ನ್ಯಾಯಸ್ಥಾನದಲ್ಲಿ ಕಾದಾಡುತ್ತಿರುವಾಗ ಮಾರ್ಕೋನಿಯ ಕಂಪನಿ ಸಮುದ್ರಗಳನ್ನೆಲ್ಲ ಆವರಿಸುತ್ತಿತ್ತು.

ಇದರ ಬಿಸಿ ಕೈಸರನ ಮನೆಗೇ ತಟ್ಟಿದ ಪ್ರಸಂಗವೊಂದುಂಟು. 1902ರಲ್ಲಿ ಅವನ ತಮ್ಮ ಪ್ರಿನ್ಸ್ ಹೈನ್ರಿಖನು ಅಮೆರಿಕದ ಪ್ರವಾಸವನ್ನು ಮುಗಿಸಿ 'ಡಾಯಿಚ್‌ಲಾಂಡ್' ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದನು. ಹಡಗಿನಲ್ಲಿದ್ದುದು ಸ್ಲಾಬಿ-ಆರ್ಕೋ ಯಂತ್ರ. ಕರಾವಳಿಯ ಠಾಣೆಯಲ್ಲಿದ್ದುದು ಮಾರ್ಕೋನಿಯ ಯಂತ್ರ. ಬೇರೆ ಪದ್ಧತಿಯವರೊಡನೆ ಮಾತನಾಡಕೂಡದೆಂಬುದು ಮಾರ್ಕೋನಿ ಕಂಪನಿಯ ಕಟ್ಟಳೆ. ಅಮೆರಿಕದ ಅಧ್ಯಕ್ಷನಿಗೆ ಒಂದು ವಂದನೆಯ ಮಾತನ್ನು ಕಳುಹಿಸಲು ರಾಜಕುಮಾರನಿಗೆ ಸಾಧ್ಯವಾಗಲಿಲ್ಲ. ಇದು ವರ್ತಕರ ಜಗಳವೆಂದು ನಗಬಹುದು. ಆದರೆ ಇದೇ ಕಟ್ಟಳೆಯಿಂದ ಮುಳುಗುವ ಹಡಗಿನ ಕೂಗನ್ನೂ ಕೇಳದಿರಬಹುದಾಗಿತ್ತಷ್ಟೆ. 1903ರಲ್ಲಿ ಬರ್ಲಿನ್ನಿನಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಸೇರಿದರು. 1906ರಲ್ಲಿ ಮತ್ತೆ ಸೇರಿ, ಯಂತ್ರದ ಪದ್ಧತಿ ಯಾವುದೇ ಇರಲಿ ಕರಾವಳಿಯ ಠಾಣೆಗಳು ಎಲ್ಲ ಹಡಗುಗಳ ಮಾತನ್ನೂ ಸ್ವೀಕರಿಸಬೇಕೆಂದೂ, ಅಪಾಯದಲ್ಲಿ 'ಎಸ್.ಓ.ಎಸ್.' ಎಂಬ ಸಂಕೇತವನ್ನು ಬಳಸಬೇಕೆಂದೂ ಒಪ್ಪಂದವನ್ನು ಬರೆದರು. ಕೈಸರನ ಒತ್ತಾಯದಿಂದ ಎ.ಇ.ಜಿ. ಮತ್ತು ಸೀಮೆನ್ಸ್ ಕಂಪನಿಗಳು ತಮ್ಮ ವ್ಯಾಜ್ಯವನ್ನು ಬಿಟ್ಟು 1903ರ ಮೇ 27ರಂದು ಒಂದೇ ಕಂಪನಿಯನ್ನು ಸ್ಥಾಪಿಸಿದುವು. ಅದರ ಹೆಸರು ಟೆಲಿಫುಂಕೆನ್. ತಾಂತ್ರಿಕ ನಿರ್ದೇಶಕನಾಗಿ ಬಂದ ಆರ್ಕೋ 1930ರ ವರೆಗೂ ಆ ಪೀಠದಲ್ಲಿದ್ದನು.

ಕಂಪನಿಯು ಹುಟ್ಟಿದ ಮರುವರ್ಷವೇ ಅದರ ಯಂತ್ರಗಳು ರಕ್ತವನ್ನು ಕಂಡುವು. ಆಫ್ರಿಕದ ನೈರುತ್ಯದಲ್ಲಿ, ಇಂದಿನ ನಮೀಬಿಯದಲ್ಲಿ, ಜರ್ಮನ್ನರ ಆಳಿಕೆಗೆ ಎದುರು ನಿಂತ ಹೆರೇರೋ ಜನರ ಮೇಲೆ 1904ರಲ್ಲಿ ದಂಡು ಹೋಯಿತು. ಗಾಡಿಗಳ ಮೇಲೆ ಸಾಗಿಸಿ ಬೆಲೂನು ಗಾಳಿಪಟಗಳಿಂದ ತಂತಿಯನ್ನು ಮೇಲೆತ್ತುವ ನಿಸ್ತಂತು ಠಾಣೆಗಳು ದಂಡಿನ ಜೊತೆಯಲ್ಲಿದ್ದುವು. ವಾಟರ್‌ಬೆರ್ಗ್ ಬೆಟ್ಟದ ಬಳಿ ಹೆರೇರೋಗಳನ್ನು ಸುತ್ತುಗಟ್ಟುವಾಗ ಚದುರಿದ್ದ ತುಕಡಿಗಳನ್ನು ಒಂದುಗೂಡಿಸಲು ಅವು ನೆರವಾದುವು. ಅನಂತರ ನಡೆದುದು ಕದನವಲ್ಲ; ನೀರಿಲ್ಲದ ಮರುಭೂಮಿಗೆ ಹೆಂಗಸರು ಮಕ್ಕಳೆನ್ನದೆ ಜನರನ್ನು ಅಟ್ಟಿ ಕೊಂದುದು. ಅದು ಜನಾಂಗದ ಹತ್ಯೆಯೆಂದು ಜರ್ಮನ್ ಸರ್ಕಾರವು ಒಪ್ಪಿಕೊಳ್ಳುವ ಹೊತ್ತಿಗೆ 2021 ಬಂದಿತ್ತು. ನಿಸ್ತಂತುವಿನ ಇತಿಹಾಸವನ್ನು ಬರೆಯುವವರು ಈ ಗಾಡಿಗಳನ್ನು ತಾಂತ್ರಿಕ ಯಶಸ್ಸಿನ ಅಧ್ಯಾಯದಲ್ಲಿ ಒಂದೆರಡು ಪಂಕ್ತಿಗಳಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅದು ಸರಿಯೆಂದು ನನಗೆ ತೋರುವುದಿಲ್ಲ.

ಇನ್ನು ನೌಯೆನ್. ಬರ್ಲಿನ್ನಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತೈದು ಮೈಲಿ ದೂರದಲ್ಲಿ ಹಾಫೆಲ್ ಸೀಮೆಯ ಜೌಗು ಬಯಲು. ಭೂಮಿಗೆ ಇಳಿಸಿದ ತಂತಿಗೆ ಒದ್ದೆಯಾದ ನೆಲ ಹಿತವಾದುದು. ಆದುದರಿಂದ ಆರ್ಕೋ ಆ ಬಯಲನ್ನು ಆರಿಸಿಕೊಂಡನು. 1906ರಲ್ಲಿ ಅಲ್ಲಿ ಮುನ್ನೂರಮೂವತ್ತು ಅಡಿ ಎತ್ತರದ ಉಕ್ಕಿನ ಗೋಪುರವು ಎದ್ದಿತು. ಅದು ನೆಲಕ್ಕೆ ತಾಗದಂತೆ ವಿದ್ಯುತ್ತನ್ನು ತಡೆಯುವ ಪಾದದ ಮೇಲೆ ನಿಂತಿದ್ದು, ಬಿಗಿದ ಕಂಬಿಗಳು ಅದನ್ನು ಹಿಡಿದಿದ್ದುವು. ತಲೆಯಿಂದ ಸುತ್ತಲೂ ಕೊಡೆಯ ಕಡ್ಡಿಗಳಂತೆ ತಂತಿಗಳು ಇಳಿದಿದ್ದುವು. ಬುಡದಲ್ಲಿ ಒಂದು ಚಿಕ್ಕ ಕಟ್ಟಡ, ಅದರಲ್ಲಿ ಒಂದು ಉಗಿಯಂತ್ರ. ಮೊದಲು ಇದು ಪರೀಕ್ಷೆಗಾಗಿ ಕಟ್ಟಿದ ಠಾಣೆ. ಇಲ್ಲಿ ಕಿಡಿಯ ಸ್ವಭಾವವೇ ಬದಲಾಯಿತು. ಮಾಕ್ಸ್ ವೀನ್ ಎಂಬ ವಿಜ್ಞಾನಿಯು ಹುಟ್ಟಿದ ಕ್ಷಣದಲ್ಲಿಯೇ ಕಿಡಿಯನ್ನು ನಂದಿಸುವ ಕ್ರಮವನ್ನು 1906ರಲ್ಲಿ ತೋರಿಸಿಕೊಟ್ಟಿದ್ದನು. ಆರ್ಕೋ ಅದನ್ನು ದೊಡ್ಡ ಯಂತ್ರಗಳಿಗೆ ಅಳವಡಿಸಿದನು. ಕಿಡಿಗಳು ಸೆಕೆಂಡಿಗೆ ಸಾವಿರದಂತೆ ಸಮನಾಗಿ ಬೀಳುತ್ತಿದ್ದುದರಿಂದ ಕೇಳುವವನ ಕಿವಿಗೆ ಕರಕರ ಶಬ್ದಕ್ಕೆ ಬದಲಾಗಿ ಒಂದು ಸ್ವರವೇ ಕೇಳಿಸುತ್ತಿತ್ತು. ಸಂತೆಯ ಗದ್ದಲದಲ್ಲಿಯೂ ಕೊಳಲಿನ ಧ್ವನಿ ಬೇರೆಯಾಗಿ ಕೇಳುವಂತೆ, ಗುಡುಗು ಮಿಂಚುಗಳ ಗೊಂದಲದ ನಡುವೆ ಈ 'ಹಾಡುವ ಕಿಡಿ'ಯನ್ನು ಆರಿಸಿ ಕೇಳಬಹುದಾಗಿತ್ತು. ಉಷ್ಣವಲಯದ ಸಮುದ್ರಗಳಲ್ಲಿ ಇದರ ಪ್ರಯೋಜನ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಗೋಪುರವನ್ನು 1911ರಲ್ಲಿ ಇಮ್ಮಡಿ ಎತ್ತರಿಸಿದರು. 1912ರ ಮಾರ್ಚ್ 30ರ ಬಿರುಗಾಳಿಗೆ ಅದು ಮುರಿದುಬಿದ್ದಿತು. ಆರ್ಕೋ ಕೈಚೆಲ್ಲದೆ ಮತ್ತೆ ಕಟ್ಟಿಸಿದನು. ಮಾತ್ರವಲ್ಲ, ಕಿಡಿಯನ್ನೇ ಬಿಟ್ಟು, ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ತಿರುಗುವ ಯಂತ್ರದಿಂದಲೇ ಪಡೆದು, ಕಬ್ಬಿಣದ ತಿರುಳುಳ್ಳ ಸುರುಳಿಗಳಲ್ಲಿ ಆ ಸಂಖ್ಯೆಯನ್ನು ಇಮ್ಮಡಿ ನಾಲ್ಮಡಿ ಮಾಡುವ ವಿಧಾನವನ್ನು ಸಿದ್ಧಪಡಿಸಿದನು. ಕಿಡಿಯು ಸಿಡಿದು ಸಾಯುವಂಥದು. ಈ ಯಂತ್ರದ ತರಂಗವಾದರೋ ಒತ್ತಿದ ಶ್ರುತಿಯಂತೆ ಎಡೆಬಿಡದೆ ಹರಿಯುವಂಥದು. ಅವನ ಕೈಕೆಳಗಿನ ಅಲೆಕ್ಸಾಂಡರ್ ಮೈಸ್ನರನು 1913ರಲ್ಲಿ ಗಾಜಿನ ಬುರುಡೆಯೊಳಗಿನ ಎಲೆಕ್ಟ್ರಾನುಗಳಿಂದಲೇ ಅಂಥ ತರಂಗವನ್ನು ಹುಟ್ಟಿಸಿ ಬರ್ಲಿನ್ನಿನಿಂದ ನೌಯೆನ್ನಿಗೆ ಮನುಷ್ಯನ ಮಾತನ್ನೇ ಕಳುಹಿಸಿದನು. ಮುಂದೆ ಬರಲಿದ್ದ ರೇಡಿಯೋವಿನ ಬೀಜವು ಅದರಲ್ಲಿತ್ತು. ಆದರೆ ಅದು ಮೊಳೆಯುವುದಕ್ಕೆ ಮೊದಲೇ ಯುದ್ಧ ಬಂದಿತು.

1914ರ ಆಗಸ್ಟ್ 5ರ ಬೆಳಗಿನ ಜಾವ ಇಂಗ್ಲಿಷರ ಒಂದು ಹಡಗು ಕಡಲೊಳಗಿನ ಜರ್ಮನ್ ತಂತಿಗಳನ್ನು ಎಳೆದು ಕತ್ತರಿಸಿತು. ಯುದ್ಧ ಸಾರಿ ಕೆಲವೇ ಗಂಟೆಗಳಾಗಿದ್ದುವು. ಅಂದಿನಿಂದ ಜರ್ಮನಿಯು ಹೊರಲೋಕದೊಡನೆ ತನ್ನ ಬಾಯಿಯಿಂದಲೇ ಆಡಬಹುದಾದ ಮಾತಿನ ಬಹುಭಾಗ ನೌಯೆನ್ನಿನ ಗೋಪುರದ ಮಾತು. ದೂರದ ಸಮುದ್ರಗಳಲ್ಲಿದ್ದ ಜರ್ಮನ್ ವ್ಯಾಪಾರದ ಹಡಗುಗಳಿಗೆ ತಟಸ್ಥ ಬಂದರುಗಳಲ್ಲಿ ಆಶ್ರಯ ಪಡೆಯಿರೆಂದು ಎಚ್ಚರಿಸಿದುದು ಈ ಗೋಪುರ. ಅಮೆರಿಕದ ಸೇವಿಲ್ ಠಾಣೆಗೆ ದಿನದಿನದ ಯುದ್ಧವಾರ್ತೆಯನ್ನು ಒಯ್ದುದು ಈ ಗೋಪುರ. ಆಫ್ರಿಕದ ಟೋಗೋ ಸೀಮೆಯ ಕಮೀನದಲ್ಲಿ, ಮೂರು ಸಾವಿರ ಮೈಲಿಗೂ ಮಿಕ್ಕ ದೂರದಲ್ಲಿ, ಕೊಡೆಲ್ಲಿಯೆಂಬ ಬ್ಯಾರನ್ ಇಂಜಿನಿಯರನು ಕಾಡನ್ನು ಕಡಿಸಿ ಎಷ್ಟೋ ತಿಂಗಳುಗಳ ಶ್ರಮದಿಂದ ದೊಡ್ಡ ಠಾಣೆಯೊಂದನ್ನು ಕಟ್ಟಿಸಿದ್ದನು. ನೌಯೆನ್ನಿನೊಡನೆ ಅದು ಮಾತನಾಡಿದುದು ಕೆಲವೇ ವಾರ. ಶತ್ರುಗಳು ಸಮೀಪಿಸಲು ಆಗಸ್ಟ್ 24ರ ರಾತ್ರಿ ಕಟ್ಟಿದವರೇ ಅದನ್ನು ಕೆಡವಿ ಹಾಕಿದರು. ವಿಂಡ್‌ಹುಕ್ ಠಾಣೆಯು 1915ರ ಮೇ ತಿಂಗಳಲ್ಲಿ ಶತ್ರುವಶವಾಯಿತು.

ಭಾರತದ ಜನರಿಗೂ ಈ ಯಂತ್ರಗಳ ಪರಿಚಯ ಪರೋಕ್ಷವಾಗಿ ಆಯಿತು. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟ 'ಎಮ್ಡನ್' ನೌಕೆಯ ಸುದ್ದಿಯನ್ನು ನಮ್ಮ ಹಿರಿಯರು ವರ್ಷಾನುಗಟ್ಟಲೆ ಹೇಳುತ್ತಿದ್ದರು. ಅದರ ಮೇಲೆ ಇದ್ದುದು ಟೆಲಿಫುಂಕೆನ್ ಯಂತ್ರ. ಅದರ ನಾಯಕನು ಅದನ್ನು ಬಾಯಿಗಿಂತ ಕಿವಿಯಾಗಿಯೇ ಹೆಚ್ಚು ಬಳಸಿದನು. ತಾನು ಮೌನವಾಗಿದ್ದು, ಅಟ್ಟಿಬರುವ ಇಂಗ್ಲಿಷ್ ನೌಕೆಗಳ ಸಂಕೇತಗಳ ಗಟ್ಟಿಯನ್ನು ಕೇಳಿ ಅವು ಎಷ್ಟು ಹತ್ತಿರವಿವೆಯೆಂದು ಅಳೆಯುತ್ತಿದ್ದನು. ನವೆಂಬರ್ 9ರಂದು ಕೋಕೋಸ್ ದ್ವೀಪದ ತಂತಿಠಾಣೆಯನ್ನು ನಾಶಪಡಿಸಲು ಹೋದಾಗ ದ್ವೀಪದವರು ಅಪರಿಚಿತ ಹಡಗೊಂದು ಬಂದಿದೆಯೆಂದು ನಿಸ್ತಂತುವಿನಲ್ಲಿ ಕೂಗಿಕೊಂಡರು. ಎಮ್ಡನ್ ತನ್ನ ಯಂತ್ರದ ಸದ್ದಿನಿಂದ ಆ ಕೂಗನ್ನು ಅಡಗಿಸಲು ಯತ್ನಿಸಿತು, ಅಡಗಲಿಲ್ಲ. ಕೂಗು ಕೇಳಿ ಬಂದ ಆಸ್ಟ್ರೇಲಿಯದ 'ಸಿಡ್ನಿ' ನೌಕೆಯು ಅಂದೇ ಅದನ್ನು ಮುಗಿಸಿತು.

ಇಷ್ಟೆಲ್ಲ ನಡೆಯುತ್ತಿದ್ದ ಶರತ್ಕಾಲದಲ್ಲಿ ಜರ್ಮನಿಯ ವಿದ್ವಾಂಸರು ಏನು ಮಾಡುತ್ತಿದ್ದರು? ಅಕ್ಟೋಬರಿನಲ್ಲಿ ತೊಂಬತ್ತಮೂರು ಮಂದಿ ಪ್ರಖ್ಯಾತರು ಸಹಿ ಹಾಕಿದ ಒಂದು ಪತ್ರವು ಲೋಕಕ್ಕೆಲ್ಲ ಹೊರಟಿತು: ಬೆಲ್ಜಿಯಂ ದೇಶದಲ್ಲಿ ತಮ್ಮ ಸೇನೆಯು ಅನ್ಯಾಯ ಮಾಡಿದುದು ಸುಳ್ಳು, ಯುದ್ಧಕ್ಕೆ ತಾವು ಕಾರಣರಲ್ಲವೆಂದು. ಅದರಲ್ಲಿ ರಂಟ್‌ಗೆನ್ನನ ಹೆಸರಿತ್ತು, ಪ್ಲಾಂಕನ ಹೆಸರಿತ್ತು. ಜರ್ಮನ್ ಮಾನಿಸ್ಟ್ ಸಂಘದ ಪ್ರಾಣದಂತಿದ್ದ ಹೆಕಲ್ ಮತ್ತು ಓಸ್ಟ್‌ವಾಲ್ಡರ ಹೆಸರುಗಳೂ ಇದ್ದುವು. ಈ ಮಾನಿಸ್ಟರು ಪ್ರಕೃತಿಯೊಂದೇ ತತ್ತ್ವವೆಂದೂ, ವಿಜ್ಞಾನದ ಬೆಳಕಿನಲ್ಲಿಯೇ ಮನುಷ್ಯನ ನೀತಿಯನ್ನು ಕಟ್ಟಬೇಕೆಂದೂ ಹೇಳುತ್ತಿದ್ದವರು. ಆರ್ಕೋನೂ ಅದೇ ಪಂಥದವನು. 1921-22ರಲ್ಲಿ ಆ ಸಂಘದ ಅಧ್ಯಕ್ಷನೂ ಆದನು. ಗುರುಸ್ಥಾನದಲ್ಲಿದ್ದ ಆ ಇಬ್ಬರೂ ಒಂದು ಕಡೆಗೆ ನಡೆದರೆ ಈತನು ಇನ್ನೊಂದು ಕಡೆಗೆ ನಡೆದನು. 1914ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ 'ನೂತನ ಪಿತೃಭೂಮಿ ಸಂಘ' ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ನಿವೃತ್ತ ರಾವುತನಾದ ಟೆಪ್ಪರ್-ಲಾಸ್ಕಿ, ಲಿಲ್ಲಿ ಯಾನಾಷ್ ಎಂಬ ಮಹಿಳೆ, ಓಟೋ ಲೇಮಾನ್-ರುಸ್‌ಬುಲ್ಟ್, ಇವರ ಜೊತೆಯಲ್ಲಿ ಕೌಂಟ್ ಆರ್ಕೋ. ಸ್ವಲ್ಪ ಕಾಲದಲ್ಲಿಯೇ ಐನ್‌ಸ್ಟೈನನೂ ಸೇರಿಕೊಂಡನು. ಪರರ ನೆಲವನ್ನು ಕಬಳಿಸದೆ ಸಂಧಿಯಾಗಬೇಕು, ಯೂರೋಪಿನ ರಾಷ್ಟ್ರಗಳು ಒಂದು ಒಡಂಬಡಿಕೆಗೆ ಬರಬೇಕು ಎಂಬುದು ಸಂಘದ ಬೇಡಿಕೆ. ಸರ್ಕಾರವು ಮೊದಲು ಅದರ ಕರಪತ್ರಗಳನ್ನು ತಡೆಯಿತು. 1916ರ ಫೆಬ್ರವರಿಯಲ್ಲಿ ಸಂಘದ ಚಟುವಟಿಕೆಯನ್ನೇ ನಿಷೇಧಿಸಿತು. ಲಿಲ್ಲಿ ಯಾನಾಷ್ ಸೆರೆಮನೆಗೆ ಹೋದಳು.

ಆರ್ಕೋ ಹೋಗಲಿಲ್ಲ. ಯಾಕೆ? ಅವನನ್ನು ಸೆರೆಯಲ್ಲಿಟ್ಟರೆ ನೌಯೆನ್ ನಡೆಯುವುದು ಹೇಗೆಂಬ ಚಿಂತೆ ಅಧಿಕಾರಿಗಳಿಗೆ ಇದ್ದಿರಬೇಕೆಂದು ನನ್ನ ಊಹೆ. ಯುದ್ಧದ ವರ್ಷಗಳಲ್ಲಿಯೇ ನೌಯೆನ್ ಬೆಳೆಯಿತು: ಸುಮಾರು ಎಂಟುನೂರೈವತ್ತು ಅಡಿ ಎತ್ತರದ ಕಂಬಗಳು, ಭಾರಿಯಾದ ಯಂತ್ರಗಳು, ಹೆರ್ಮನ್ ಮುಥೇಸಿಯುಸನೆಂಬ ಶಿಲ್ಪಿಯ ನಕ್ಷೆಯ ಮೇಲೆ ಕೋಟೆಯಂತಹ ಇಟ್ಟಿಗೆಯ ಕಟ್ಟಡ. ಹಗಲು ಸೇನೆಗೆ ಬೇಕಾದ ಯಂತ್ರವನ್ನು ಕಟ್ಟುವುದು, ಸಂಜೆ ಸೇನೆಗೆ ಬೇಡವಾದ ಸಭೆಗೆ ಹೋಗುವುದು ಎಂದು ಈ ಬಾಳನ್ನು ಹಾಸ್ಯಮಾಡುವುದು ಸುಲಭ. ಕಂಪನಿಯ ಕೆಲಸವನ್ನು ಬಿಟ್ಟಿದ್ದರೆ ಅವನ ಮಾತಿಗೆ ಹೆಚ್ಚಿನ ತೂಕ ಬರುತ್ತಿತ್ತೆಂದು ಹೇಳುವವರು ಇರಬಹುದು. ಅದರಲ್ಲಿ ಸತ್ಯವಿದೆ. ಆದರೆ ಆ ಕಾಲದ ಬರ್ಲಿನ್ನಿನಲ್ಲಿ ಯುದ್ಧವನ್ನು ವಿರೋಧಿಸುವ ಸಂಘಕ್ಕೆ ಅಂಥ ಸ್ಥಾನದಲ್ಲಿದ್ದವನೊಬ್ಬನು ತನ್ನ ಹೆಸರನ್ನು ಬರೆದುಕೊಡುವುದು ಹಗುರವಾದ ಮಾತಾಗಿರಲಿಲ್ಲ. ತೊಂಬತ್ತಮೂರು ಮಂದಿಯ ಪತ್ರವನ್ನು ನೋಡಿದವರಿಗೆ ಅದು ತಿಳಿಯುತ್ತದೆ. ಆತನಿಗೆ ಯಂತ್ರವು ಯುದ್ಧದ್ದಾಗಿ ಕಾಣಲಿಲ್ಲ. ದೂರದ ಜನರನ್ನು ಒಬ್ಬರಿಗೊಬ್ಬರು ಕೇಳುವಂತೆ ಮಾಡುವ ಸಾಧನವು ಕೊನೆಗೆ ಅವರನ್ನು ಕೂಡಿಸಿಯೇ ತೀರುವುದೆಂದು ಆ ತಲೆಮಾರಿನ ಅನೇಕ ವಿಜ್ಞಾನಿಗಳಂತೆ ಅವನೂ ನಂಬಿದ್ದನೆಂದು ನಾನು ಎಣಿಸುತ್ತೇನೆ. ಆ ನಂಬಿಕೆಯ ಬೆಲೆಯನ್ನು ಮುಂದಿನ ಇಪ್ಪತ್ತು ವರ್ಷಗಳು ಕೇಳಿದುವು.

ಅವನ ಹಳೆಯ ಪ್ರತಿಸ್ಪರ್ಧಿಯಾದ ಬ್ರೌನನ ಗತಿಯನ್ನೂ ಇಲ್ಲಿ ನೆನೆಯಬೇಕು. 1909ರಲ್ಲಿ ಮಾರ್ಕೋನಿಯೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಆ ಆಚಾರ್ಯನು, ಸೇವಿಲ್ ಠಾಣೆಯ ಮೇಲೆ ಮಾರ್ಕೋನಿ ಕಂಪನಿಯು ಹೂಡ್ಡಿದ್ದ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು 1914ರ ಕೊನೆಯಲ್ಲಿ ಅಮೆರಿಕಕ್ಕೆ ಹೋದನು. ಹಿಂದಿರುಗುವುದು ಆಗಲಿಲ್ಲ. 1915ರಲ್ಲಿ ಅಮೆರಿಕದ ನೌಕಾಪಡೆಯು ಸೇವಿಲನ್ನು ವಹಿಸಿಕೊಂಡಿತು. 1917ರಲ್ಲಿ ಆ ದೇಶವೂ ಯುದ್ಧಕ್ಕಿಳಿಯಿತು. 1918ರ ಏಪ್ರಿಲಿನಲ್ಲಿ, ಯುದ್ಧ ಮುಗಿಯುವುದಕ್ಕೆ ಕೆಲವು ತಿಂಗಳ ಹಿಂದೆ, ಬ್ರೌನನು ಬ್ರೂಕ್ಲಿನ್ನಿನಲ್ಲಿ ತೀರಿಕೊಂಡನು. ಸ್ಲಾಬಿಯು 1913ರಲ್ಲಿಯೇ ಕಾಲವಾಗಿದ್ದನು. ಮೊದಲಿನ ಮೂವರಲ್ಲಿ ಉಳಿದವನು ಆರ್ಕೋನೊಬ್ಬನೇ.

1920ರ ಸೆಪ್ಟೆಂಬರ್ 29ರಂದು ನೌಯೆನ್ನಿನ ಹೊಸ ಕಟ್ಟಡವನ್ನು ಗಣರಾಜ್ಯದ ಅಧ್ಯಕ್ಷ ಎಬರ್ಟನು ತೆರೆದನು. ಕೈಸರನಿರಲಿಲ್ಲ, ಯುದ್ಧವಿರಲಿಲ್ಲ. ಆರ್ಕೋನ ಬಾಳಿನ ತುಂಬು ವರ್ಷಗಳು ಇವೇ ಎನ್ನಬಹುದು. ಹಳೆಯ ಶಾಂತಿಸಂಘವು 1922ರಲ್ಲಿ ಮಾನವಹಕ್ಕುಗಳ ಸಂಘವೆಂದು ಹೆಸರನ್ನು ಬದಲಿಸಿಕೊಂಡಿತು. ಅವನ ಕಂಪನಿಯಲ್ಲಿ ಪಳಗಿದ ಹಾನ್ಸ್ ಬ್ರೆಡೋ, 1917ರಲ್ಲಿ ಮೈಸ್ನರನೊಡನೆ ಯುದ್ಧರಂಗದ ಕಂದಕಗಳಲ್ಲಿದ್ದ ಸೈನಿಕರಿಗೆ ನಿಸ್ತಂತುವಿನಲ್ಲಿ ಸಂಗೀತವನ್ನು ಕೇಳಿಸಿ ಮೇಲಧಿಕಾರಿಗಳಿಂದ ತಡೆಯಿಸಿಕೊಂಡಿದ್ದವನು, 1923ರ ಅಕ್ಟೋಬರ್ 29ರಂದು ಜರ್ಮನಿಯಲ್ಲಿ ಸಾರ್ವಜನಿಕ ರೇಡಿಯೋ ಪ್ರಸಾರವು ಆರಂಭವಾಗುವಂತೆ ಮಾಡಿದನು. ಗಾಜಿನ ಬುರುಡೆಗಳೂ ಹ್ರಸ್ವತರಂಗಗಳೂ ಬಂದು ಆರ್ಕೋನ ದೊಡ್ಡ ಯಂತ್ರಗಳನ್ನು ಮೂಲೆಗೆ ತಳ್ಳಿದುವು. ತಾನು ಕಟ್ಟಿದುದು ತನ್ನ ಕಣ್ಣ ಮುಂದೆಯೇ ಹಳತಾಗುವುದನ್ನು ಇಂಜಿನಿಯರನು ನೋಡಲೇಬೇಕು. ಕವಿಗೆ ಈ ಕಷ್ಟವಿಲ್ಲ.

ಆರ್ಕೋ ನಿವೃತ್ತನಾದ 1930ರ ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನವನ್ನು ಆರಂಭಿಸಿದವನು ಐನ್‌ಸ್ಟೈನ್. ಈ ಯಂತ್ರವನ್ನು ಸಾಧ್ಯಮಾಡಿದ ಅನೇಕ ಶೋಧಕರನ್ನು ನೆನೆದು, ಜನಾಂಗಗಳು ಪರಸ್ಪರರನ್ನು ಅರಿತುಕೊಳ್ಳಲು ಇದು ಸಹಾಯವಾಗುವುದೆಂಬ ಆಶೆಯನ್ನು ಅವನು ಮುಂದಿಟ್ಟನು. ಮೂರು ವರ್ಷಗಳ ತರುವಾಯ, 1933ರ ಆಗಸ್ಟಿನಲ್ಲಿ, ಅದೇ ಪ್ರದರ್ಶನವನ್ನು ಆರಂಭಿಸಿದವನು ಗೋಬೆಲ್ಸ್. ಅಲ್ಲಿ ಮಾರಾಟಕ್ಕಿಟ್ಟ ಹೊಸ ಸರಕು ಎಪ್ಪತ್ತಾರು ಮಾರ್ಕಿನ 'ಜನತೆಯ ರೇಡಿಯೋ'. ಹಿಟ್ಲರನು ಅಧಿಕಾರಕ್ಕೆ ಬಂದ ಜನವರಿ 30ನ್ನು ನೆನಪಿಸುವಂತೆ ಅದಕ್ಕೆ 301 ಎಂಬ ಅಂಕಿಯನ್ನು ಇಟ್ಟಿದ್ದರು. ಬಡವನ ಮನೆಗೂ ಒಂದೇ ಧ್ವನಿ ಮುಟ್ಟಬೇಕೆಂಬುದು ಅದರ ಉದ್ದೇಶ. ಟೆಲಿಫುಂಕೆನ್ ಕಂಪನಿಯೂ ಅದನ್ನು ತಯಾರಿಸಿತು. ಬ್ರೆಡೋ ಹಿಟ್ಲರನು ಬಂದ ದಿನವೇ ರಾಜೀನಾಮೆಯಿತ್ತನು. ಸೆರೆಹಿಡಿದಿದ್ದ ತನ್ನ ಸಹೋದ್ಯೋಗಿಗಳನ್ನು ಬಿಡಿ, ಇಲ್ಲವೆ ತನ್ನನ್ನೂ ಅವರೊಡನೆ ಇಡಿ ಎಂದು ಕೇಳಿಕೊಂಡು, ಕೊನೆಗೆ ತಾನೂ ಒಂದು ವರ್ಷಕ್ಕೂ ಮೀರಿ ಬಂಧನದಲ್ಲಿದ್ದನು. ಐನ್‌ಸ್ಟೈನ್ ದೇಶವನ್ನು ಬಿಟ್ಟನು, ಲೇಮಾನ್-ರುಸ್‌ಬುಲ್ಟನೂ ಬಿಟ್ಟನು. ಮಾನವಹಕ್ಕುಗಳ ಸಂಘ, ಮಾನಿಸ್ಟ್ ಸಂಘ ಎರಡೂ 1933ರಲ್ಲಿಯೇ ಅಳಿದುವು. ಅರುವತ್ತನಾಲ್ಕರ ಆರ್ಕೋ ಬರ್ಲಿನ್ನಿನಲ್ಲಿಯೇ ಉಳಿದನು. ಅವನು ಸೇರಿದ್ದ ಸಂಘಗಳಿಲ್ಲ, ಗೆಳೆಯರಿಲ್ಲ. ಅವನು ಅರ್ಧ ಆಯುಷ್ಯವನ್ನು ವೆಚ್ಚಮಾಡಿ ಬೆಳಸಿದ ವಿದ್ಯೆಯು ಮಾತ್ರ ಪ್ರತಿಯೊಂದು ಬೀದಿಯಲ್ಲಿಯೂ ಕಿರಿಚಿಕೊಳ್ಳುತ್ತಿತ್ತು.

1940ರ ಮೇ 5ರಂದು ಆತನು ಬರ್ಲಿನ್ನಿನಲ್ಲಿ ಮೃತನಾದನು. ಐದು ದಿನಗಳ ಅನಂತರ ಜರ್ಮನ್ ಸೇನೆಯು ಹಾಲೆಂಡು ಬೆಲ್ಜಿಯಂಗಳನ್ನು ಹೊಕ್ಕಿತು. ನೌಯೆನ್ ಎರಡನೆಯ ಸಲ ಯುದ್ಧದ ಊಳಿಗಕ್ಕೆ ನಿಂತಿತ್ತು. 1945ರಲ್ಲಿ ರಷ್ಯದ ಸೇನೆಯು ಅದನ್ನು ವಶಪಡಿಸಿಕೊಂಡು ಯಂತ್ರಗಳನ್ನು ಬಿಚ್ಚಿಕೊಂಡು ಹೋಯಿತು. ಮುಂದೆ ಪೂರ್ವ ಜರ್ಮನಿಯವರು ಅಲ್ಲಿ ಹ್ರಸ್ವತರಂಗದ ಠಾಣೆಯನ್ನು ಹೂಡಿದರು. 1990ರಲ್ಲಿ ದೇಶವು ಒಂದಾದ ಮೇಲೂ ಆ ಬಯಲಿನಿಂದ ಪ್ರಸಾರವು ಮುಂದುವರಿಯಿತು.

ಸಾಕ್ರೋವಿನ ಇಗರ್ಜಿಯ ಸಂಗತಿ ಇನ್ನೊಂದು ಬಗೆಯದು. ಅಲ್ಲಿನ ಗಂಟೆಗೋಪುರಕ್ಕೆ 1928ರಲ್ಲಿ ಒಂದು ಸ್ಮಾರಕಶಿಲೆಯನ್ನು ಕೂಡಿಸಿದರು. 1961ರಲ್ಲಿ ಬರ್ಲಿನ್ ನಗರವನ್ನು ಸೀಳಿದ ಗೋಡೆಯು ಹಾಫೆಲ್ ನದಿಯ ಅಂಚಿನಲ್ಲಿಯೂ ಬಂದಿತು. ಬಂದು, ಇಗರ್ಜಿಯ ಅಂಗಳವನ್ನು ಹಾಯ್ದು, ಆ ಗಂಟೆಗೋಪುರವನ್ನೇ ತನ್ನ ಒಂದು ಭಾಗವಾಗಿ ಮಾಡಿಕೊಂಡಿತು. ಆ ವರ್ಷದ ಕ್ರಿಸ್ಮಸ್ ಮುನ್ನಾದಿನದ ಪೂಜೆಯೇ ಕೊನೆಯ ಪೂಜೆ. ಜರ್ಮನಿಯಲ್ಲಿ ಮೊದಲ ಬಾರಿಗೆ ನೀರಿನ ಆಚೆಯ ದಡದೊಡನೆ ಮಾತನಾಡಿದ ಗೋಪುರವು ಇಪ್ಪತ್ತೆಂಟು ವರ್ಷ ಆಚೆಯ ದಡಕ್ಕೆ ಯಾರೂ ಹೋಗದಂತೆ ತಡೆಯುವ ಗೋಡೆಯಾಗಿ ನಿಂತಿತು. ಈಗ ಗೋಡೆಯಿಲ್ಲ, ಇಗರ್ಜಿಯನ್ನು ದುರಸ್ತಿ ಮಾಡಿದ್ದಾರೆ. ಶಿಲೆಯು ಅಲ್ಲಿಯೇ ಇದೆ. ನಿಸ್ತಂತುವಿಗಾಗಿ ಜರ್ಮನಿಯಲ್ಲಿ ಮೊದಲ ಏರಿಯಲನ್ನು 1897ರಲ್ಲಿ ಅಲ್ಲಿ ಎತ್ತಿದವರೆಂದು ಅದರ ಮೇಲೆ ಸ್ಲಾಬಿಯ ಹೆಸರನ್ನೂ ಕೌಂಟ್ ಆರ್ಕೋನ ಹೆಸರನ್ನೂ ಕೆತ್ತಿದೆ.